ಬಂದೆ ಅಂದಾಕಿ ಬರಲಿಲ್ಲ

ಮುಂಜಾನಿ ಸಾಂತಾಕ್ರೂಜ್‌ನಾಗ ನಾನು ಕಿಟ್ ಬ್ಯಾಗ್ ತಗೊಂಡು ಲೇಡೀಸ್ ಡಬ್ಬಾ ಹತ್ತಿದೆ ಅಂದ್ರ ಲೋಕಲ್ ಒಂದು ಕಡೆ ವಾಲತೈತಿ. ಆ ಬ್ಯಾಗಿನಾಗ ಎರಡು ಬ್ಯಾಟು, ಪ್ಯಾಡು, ಹೆಲ್ಮೆಟ್ಟು, ಮ್ಯಾಲ ನಮ್ಮವ್ವ ಕಟ್ಟಿದ ಎಂಟು ಚಪಾತಿ ಇರತಾವು. ಮೋಟರ್‌ಮನ್ ಗಾಡಿ ಬಿಡೂ ಮೊದಲ ನಾನು ಹತ್ತಿದ್ನೋ ಇಲ್ಲೋ ಅಂತ ಇಣುಕಿ ನೋಡತಾನ ಅಂತ ನಾ ಎಲ್ಲಾರಿಗೂ ಹೇಳೀನಿ. ಅರ್ಧ ಮಂದಿ ನಂಬ್ಯಾರ.

ಎರಡು ವರ್ಷದ ಹಿಂದ ಇದ ಬ್ಯಾಗ್ ನೋಡಿ ಡಬ್ಬಾದ ಹೆಂಗಸರು ನನ್ನ ಹೊರಗ ದಬ್ಬೂದೊಂದು ಬಾಕಿ ಇತ್ತು. "ಲಗೇಜ್ ಡಬ್ಬಾಕ್ಕ ಹೋಗ ನೀ" ಅಂತಿದ್ರು. ನಮ್ಮ ಹೆಣಮಕ್ಕಳು ವರ್ಲ್ಡ್ ಕಪ್ ಎತ್ತಿದ್ದ ತಡ, ಎಲ್ಲಾ ಉಲ್ಟಾ. ಈಗ ಕಾಲು ಮಡಚಿ ಜಾಗಾ ಕೊಡತಾರ. ದಿನಾ ಗವಾರಿಕಾಯಿ ನಾರು ತಗೀತಾ ಕೂಡೂ ಒಬ್ಬ ಆಂಟಿ ಅಂತೂ ನನ್ನ ಮ್ಯಾನೇಜರ್ ಆಗಿಬಿಟ್ಟಾಳ.

"ಟೀವಿನಾಗ ಯಾವಾಗ ಬರತಿ?"

"ಮುಂದಿನ ವಾರ, ಆಂಟಿ."

ಆರು ತಿಂಗಳಿಂದ ಮುಂದಿನ ವಾರ ಅಂತ ಹೇಳಾಕತ್ತೀನಿ. ಆಕಿನೂ ಆರು ತಿಂಗಳಿಂದ ನಂಬಾಕತ್ತಾಳ.

ನಾವಿರೂ ಬಿಲ್ಡಿಂಗ್ ಸೊಸೈಟಿನಾಗೂ ಇದ ಹಣೇಬರಹ. ಗೇಟಿನ ಹತ್ರ "ಚೆಂಡಾಟ ಆಡಬಾರದು" ಅಂತ ಬೋರ್ಡ್ ಐತಿ. ಅದನ್ನ ಬರೆಸಿದ ಸೆಕ್ರೆಟರಿ ಕಾಕಾನ ಮೊಮ್ಮಗಳು ಈಗ ಅದ ಬೋರ್ಡನ್ನ ಸ್ಟಂಪ್ ಮಾಡಿ ಆಡತಾಳ. ಮೂರನೇ ಮಾಳಿಗಿ ಹುಡುಗಿ ಬಲಗೈಲೆ ಬರೀತಾಳ, ಬಲಗೈಲೆ ಉಣ್ಣತಾಳ, ಬ್ಯಾಟ್ ಮಾತ್ರ ಎಡಗೈಲೆ ಹಿಡೀತಾಳ. ಯಾಕಂದ್ರ ಆಕಿ ದೇವರಂಗ ಪೂಜಾ ಮಾಡೂ ಓಪನರ್ ಎಡಗೈಯಾಕಿ. ಇನ್ನೂತನಕ ಚೆಂಡಿಗೆ ಬ್ಯಾಟ್ ಮುಟ್ಟಿಲ್ಲ, ಆದ್ರ ಸ್ಟೈಲ್ ಏಕದಮ್ ಟಾಪ್. ನಾ ಹಂಗ ಯಾರನ್ನೂ ಕಾಪಿ ಹೊಡಿಯಂಗಿಲ್ಲ. ಆ ಓಪನರ್‌ದು ಕವರ್ ಡ್ರೈವ್, ಕ್ಯಾಪ್ಟನ್‌ದು ಸಿಕ್ಸ್ ಹೊಡದ ಮ್ಯಾಲಿನ ಮುಖ, ಆಲ್‌ರೌಂಡರ್‌ದು ನಡಿಗಿ, ಇಷ್ಟ ತಗೊಂಡೀನಿ. ಉಳಿದದ್ದು ಎಲ್ಲಾ ನನ್ನ ಸ್ವಂತದ್ದು.

ಈಗ ಉಡುಪಿಯಾಕಿ ವಿಷಯಕ್ಕ ಬರತೀನಿ. ನಮ್ಮಪ್ಪ ಧಾರವಾಡದಾಂವ, ಮುಂಬೈದ ಫೋರ್ಟ್ ಏರಿಯಾದಾಗ ಬ್ಯಾಂಕಿನಾಗ ಕ್ಲರ್ಕ್. ಮಧ್ಯಾಹ್ನ ಊಟಕ್ಕ ಹಿಂದಿನ ಗಲ್ಲಿ ಉಡುಪಿ ಹೋಟೆಲ್‌ಗೆ ಹೋಗತಾನ. ಅಲ್ಲಿ ಗಲ್ಲಾದ ಮ್ಯಾಲ ಕೂಡೂ ಮಾಲಕರ ಮುಂದ ಒಂದಿನ "ನನ್ನ ಮಗಳು ಬ್ಯಾಟ್ ಬೀಸತಾಳ" ಅಂತ ಕೊಚ್ಚಿಕೊಂಡಾನ. ಅವರು ಸೋಂಪಿನ ತಟ್ಟಿ ಮುಂದ ಸರಿಸಿ, "ನಮ್ಮಲ್ಲಿಯೂ ಒಂದು ಉಂಟು" ಅಂದಾರ. ಹಿಂಗ ಇಬ್ಬರು ಅಪ್ಪಂದಿರು ನಮ್ಮಿಬ್ಬರನ್ನ ಜೋಡಿ ಮಾಡಿದ್ರು. ಆಕಿ ಮನಿ ಬೈಕುಲ್ಲಾದಾಗ. ನನ್ನಕಿಂತ ಎರಡು ವರ್ಷ ದೊಡ್ಡಾಕಿ, ಹದಿನೆಂಟು. ನಾನು ಆಕಿನ್ನ ಉಡುಪಿ ಅಂತ ಕರದೆ, ಆಕಿ ನನ್ನ ಧಾರವಾಡ ಅಂದಳು. ಇಬ್ಬರೂ ಹುಟ್ಟಿದ್ದು ಮುಂಬೈದಾಗ. ಧಾರವಾಡದಾಗ ಬಸ್ ಸ್ಟ್ಯಾಂಡ್ ಬಿಟ್ರ ನನಗ ಎರಡನೇ ಜಾಗಾ ಗೊತ್ತಿಲ್ಲ.

ಆಕಿ ಬ್ಯಾಟಿಂಗ್ ಹೆಂಗ ಅಂದ್ರ, ಟೇಬಲ್ ಮ್ಯಾಲ ಸಪ್ಪಳ ಆಗದಂಗ ಪ್ಲೇಟ್ ಇಟ್ಟಂಗ. ಚೆಂಡು ಎಲ್ಲಿ ಹೋಗಬೇಕೋ ಅಲ್ಲಿ ಇಟ್ಟು ಓಡತಾಳ. ನಾನು ಹೊಡದ್ರ ಹತ್ತು ಮಂದಿ ಹೊಳ್ಳಿ ನೋಡಬೇಕು, ಹಂತಾ ಸಪ್ಪಳ. ನಮಗ ಕೋಚಿಂಗ್ ಕೊಡೂ ಮ್ಯಾಡಮ್ ಬೆಳಗಾವಿಯಾಕಿ, ಹಿಂದ ಯಾರೂ ನೋಡದ ಕಾಲದಾಗ ಹದಿನೈದು ವರ್ಷ ಕ್ರಿಕೆಟ್ ಆಡಿದಾಕಿ. ಆಕಿ ಅಂತಿದ್ಲು, "ಒಬ್ಬಾಕಿ ಆಡತಾಳ, ಒಬ್ಬಾಕಿ ವರದಿ ಕೊಡತಾಳ."

ಆ ವರ್ಷ ಮುಂಬೈದ ಅಂಡರ್ ನೈಂಟೀನ್ ಕ್ಯಾಂಪಿಗೆ ಲಿಸ್ಟ್ ಆಗೂದಿತ್ತು. ನನಗ ಅದು ಸಿಕ್ಕರೂ ಸೈ, ಸಿಗದಿದ್ರೂ ಸೈ, ಇನ್ನ ಎರಡು ವರ್ಷ ಕೈಯಾಗ ಇದ್ವು. ಉಡುಪಿಗೆ ಅದ ಕಡೀ ವರ್ಷ. ಮುಂದಿನ ಸಲ ವಯಸ್ಸು ಮೀರತಿತ್ತು. ಕ್ಯಾಂಪಿನ ಮುಖಾ ನೋಡದಾಕಿನ್ನ ದೊಡ್ಡವರ ಟೀಮಿಗೆ ಯಾರೂ ಕರಿಯಂಗಿಲ್ಲ. ಆಕಿ ಅಪ್ಪ ಸಿಟ್ಟು ಮಾಡೂ ಪೈಕಿ ಅಲ್ಲ. "ಈ ಸಲ ಆದ್ರೆ ಆಡು ಮಗಾ, ಇಲ್ಲದಿದ್ರೆ ಹೋಟೆಲ್ ನೋಡ್ಕೋ" ಅಂತ ಮೆತ್ತಗ ಹೇಳಿದ್ರು. ಮೆತ್ತಗ ಹೇಳಿದ್ದಕ್ಕ ವಾದಾ ಮಾಡಾಕೂ ಬರಂಗಿಲ್ಲ.

ಅವಾಗ ನಮ್ಮ ತಲಿಗೆ ಒಂದು ಹುಳಾ ಹೊಕ್ಕಿತು.

"ಏ ಧಾರವಾಡ, ನಾನು 'ಯೆಸ್' ಹೇಳಿದ ಕೂಡಲೇ ಕವರಲ್ಲಿ ನಿಂತವಳು ಓಡಿ ಬರ್ತಾಳೆ ಮಾರಾಯ್ತಿ. ನಮಗಿಂತ ಮೊದಲು ಅವಳಿಗೆ ಗೊತ್ತಾಗ್ತದೆ."

"ಹಂಗಾರ ಕನ್ನಡದಾಗ ಕರಿಯೂಣು. ಇಲ್ಲಿ ಯಾರಿಗೆ ಬರತೈತಿ?"

"ಎಂತ ಹೇಳುದು?"

"ಓಡೂದಿದ್ರ ಬಾ. ಇಲ್ಲಂದ್ರ ಬ್ಯಾಡ."

ನೆಟ್‌ನಾಗ ಮೊದಲನೇ ದಿನಾನ ಇಬ್ಬರೂ ನಡು ಪಿಚ್ಚಿನಾಗ ಒಬ್ಬರಿಗೊಬ್ಬರು ಡಿಕ್ಕಿ ಹೊಡದ್ವಿ. ಆಕಿ ಹೆಲ್ಮೆಟ್ ತಗದು, "ನಿನ್ನ 'ಬ್ಯಾಡ'ದ ಒಳಗೆ ಒಂದು 'ಬಾ' ಉಂಟು. 'ಡ' ಬರುವಾಗ ನಾನು ಅರ್ಧ ದಾರಿಯಲ್ಲಿ ಇರ್ತೇನೆ" ಅಂದಳು. ಅದಕ್ಕ ಬ್ಯಾಡ ಬಿಟ್ಟು 'ತಡಿ' ಇಟ್ಟಕೊಂಡ್ವಿ. ಬಾ ಮತ್ತ ತಡಿ. ಎರಡ ಮಾತು.

ಮೂರು ವಾರ ಮಸ್ತ್ ನಡೀತು. ಎದುರಿನ ಟೀಮಿನ ಹುಡುಗ್ಯಾರು ಗುಬ್ಬಿ ಹಂಗ ಅತ್ತಾಗೊಮ್ಮೆ ಇತ್ತಾಗೊಮ್ಮೆ ನೋಡತಿದ್ರು. ಒಬ್ಬ ಕೀಪರ್ ತಡಿಲಾರದ ಕೇಳಿದ್ಲು, "ಯೇ ಕೌನ್ಸೀ ಭಾಷಾ ಹೈ?" ನಾನು "ಸಂಸ್ಕೃತ" ಅಂದೆ. ಅವತ್ತಿಂದ ಆಕಿ ನಮಗ ಬಯ್ಯೂದು ಬಿಟ್ಟಳು.

ಟ್ರಯಲ್ ಮ್ಯಾಚ್ ಫೋರ್ಟ್ ಕಡೀ ಮೈದಾನದಾಗ. ಆ ಮೈದಾನ ನೋಡದವರಿಗೆ ಹೇಳಬೇಕಂದ್ರ, ಅಲ್ಲಿ ಒಂದ ಜಾಗಾದಾಗ ಹದಿನೈದು ಮ್ಯಾಚ್ ನಡೀತಾವು. ನಮ್ಮ ಥರ್ಡ್ ಮ್ಯಾನ್ ನಿಂತದ್ದು ಯಾವುದೋ ಆಫೀಸಿನವರ ಮ್ಯಾಚಿನ ಮಿಡ್ ಆನ್‌ನಾಗ. ಅವತ್ತು ಆಕಿ ಅವರದೊಂದು ಕ್ಯಾಚ್ ಹಿಡದಳು, ಔಟ್ ಆದ ಅಂಕಲ್ ಪಾಪ ಪ್ಯಾಡ್ ಬಿಚ್ಚಿ ಮನಿಗೆ ಹೋದ ಅಂತ ನಾ ಹೇಳೂದುಂಟು. ನಮ್ಮ ಶಾಮಿಯಾನದ ಕೆಳಗ ಮೂರು ಖುರ್ಚಿ, ಖುರ್ಚಿ ಮ್ಯಾಲ ಮೂರು ಮಂದಿ ಸಿಲೆಕ್ಟರ್, ನಡುವ ಒಂದು ಚಹಾದ ಥರ್ಮಾಸ್. ಥರ್ಮಾಸ್ ಮಾತ್ರ ನನ್ನ ಆಟ ಪೂರಾ ನೋಡಿತು.

ನಾನು ಒಳಗ ಹೋದಾಗ ಉಡುಪಿ ನಲವತ್ತರ ಮ್ಯಾಲ ಆಡಾಕತ್ತಿದ್ಲು. ಒಂದು ಚೆಂಡೂ ಮ್ಯಾಲ ಎತ್ತಿದ್ದಿಲ್ಲ. ನಾನು ಎರಡು ಫೋರ್ ಹೊಡದೆ, ಒಂದು ಬ್ಯಾಟಿನ ನಟ್ಟ ನಡುವಿಂದ, ಇನ್ನೊಂದು ಬ್ಯಾಟಿಗೆ ಗೊತ್ತಿಲ್ಲದಂಗ. ಆಮ್ಯಾಲ ಒಂದು ಚೆಂಡನ್ನ ನಾ ಹಿಂದಕ್ಕ, ಪಾಯಿಂಟಿನ ಹಿಂದಕ್ಕ ತಿರುವಿದೆ. ಚೆಂಡು ಬೆನ್ನ ಹಿಂದ ಹೋದ್ರ ನನಗ ಕಾಣಂಗಿಲ್ಲ, ಓಡೂದೋ ಬ್ಯಾಡೋ ಅಂತ ಆ ಕಡೆ ಬೌಲರ್ ಹತ್ರ ನಿಂತ ಜೋಡಿಯಾಕಿ ಒದರಿ ಹೇಳಬೇಕು. ಕ್ರಿಕೆಟ್ಟಿನ ಕಾನೂನಲ್ಲ, ಆದ್ರೂ ಎಲ್ಲಾರೂ ಪಾಲಿಸೂ ರೂಢಿ.

ಉಡುಪಿ ಒದರಿದಳು, "ಬಂದೆ, ಬಂದೆ."

ಬಾ ಅಲ್ಲ. ತಡಿ ಅಲ್ಲ. ಬಂದೆ.

ಬಂದೆ ಅಂದ್ರ ಬಂದೆ. ಆಕಿ ಬರಾಕತ್ತಾಳ ಅಂದ ಮ್ಯಾಲ ನಾ ಯಾಕ ನಿಂದರಲಿ. ಕಣ್ಣು ಮುಚ್ಚಿ ಓಡಿದೆ. ಅರ್ಧಕ್ಕ ಕಣ್ಣು ತಗದ್ರ ಆಕಿ ನಾಕು ಹೆಜ್ಜಿ ಬಂದು, ಟ್ರಾಫಿಕ್ ಪೊಲೀಸ್ ಹಂಗ ಕೈ ಅಡ್ಡ ಹಿಡದು ನಿಂತಾಳ. ನನ್ನ ನೋಡಿ ಆಕಿ ಮುಖಾ ಬಿಳಚಿತು. ಹೊಳ್ಳಿ ತನ್ನ ಗೆರಿ ಕಡೆ ಓಡಿದಳು. ನನಗ ಹಿಂದ ಹೋಗೂದು ದೂರ, ಮುಂದ ಹೋಗೂದು ಹತ್ರ. ನಾನೂ ಅದ ಗೆರಿಗೆ ಓಡಿದೆ. ಚೆಂಡು ಕೀಪರ್ ಕೈಗೆ ಹೋತು, ಕೀಪರ್ ನಾ ಬಿಟ್ಟು ಬಂದ ಸ್ಟಂಪ್ ಕೆಡವಿದಳು. ನಾವಿಬ್ಬರೂ ಬೌಲರ್ ಕಡೀ ಗೆರಿಗೆ ಒಟ್ಟಿಗೆ ಬಿದ್ವಿ, ನನ್ನ ಮೊಣಕೈ ಆಕಿ ಹೆಲ್ಮೆಟ್‌ನಾಗ, ಆಕಿ ಪ್ಯಾಡ್ ನನ್ನ ಬಾಯಾಗ. ಮೈದಾನದ ಅರ್ಧ ಮಣ್ಣು ಮ್ಯಾಲ ಎದ್ದು ಫೋರ್ಟ್ ಮ್ಯಾಲ ಮೋಡ ಆಗಿತ್ತು.

ಇಬ್ಬರು ಒಂದ ಕಡೆ ಸೇರಿದ್ರ ಮೊದಲ ಮುಟ್ಟಿದಾಕಿ ಉಳೀತಾಳ, ಆಮ್ಯಾಲ ಮುಟ್ಟಿದಾಕಿ ಔಟ್. ಕಾನೂನು ಸರಳ ಐತಿ. ಆದ್ರ ಬಿಳಿ ಟೊಪಗಿ ಅಂಪೈರ್ ಅಜ್ಜ ಕೀಪರ್ ಕಡೆ ನೋಡಾಕತ್ತಿದ್ದ. ಲೆಗ್ ಕಡೆ ಎರಡನೇ ಅಂಪೈರ್ ಅಂತ ನಿಂತ ನಮ್ಮ ಟೀಮಿನ ಹುಡುಗಿ ಕೂದಲಿಗೆ ರಬ್ಬರ್ ಹಾಕಾಕತ್ತಿದ್ಲು. ಕ್ಯಾಮೆರಾ ಗೀಮೆರಾ ಏನೂ ಇಲ್ಲ. ಉಡುಪಿ ಮುಖಾ ಮಣ್ಣಾಗ ಇತ್ತು.

ನಾ ನೋಡಿದೆ. ಆಕಿ ಬ್ಯಾಟಿನ ತುದಿ ಗೆರಿ ದಾಟಿ ಒಳಗ ಕೂತಿತ್ತು. ನನ್ನ ಬ್ಯಾಟು ಗೆರಿಗೆ ನಾಕು ಬೆರಳು ದೂರ ಇತ್ತು. ನಾಕು ಬೆರಳು. ಹೆಚ್ಚಿಲ್ಲ, ಕಡಿಮಿ ಇಲ್ಲ.

ಮೊದಲ ಮುಟ್ಟಿದಾಕಿ ಯಾರು ಅಂತ ಅಂಪೈರ್ ಬಂದು ಬಗ್ಗಿ ಕೇಳಿದ, "ಕೌನ್ ಪೆಹಲೇ ಆಯಾ?"

"ಮೈ" ಅಂದೆ.

ಸಿಗ್ನಲ್‌ನಾಗ ರೋಡ್ ದಾಟಿದ ಕತಿನೂ ನಾ ಅರ್ಧ ತಾಸಿನ ಕೆಳಗ ಹೇಳಂಗಿಲ್ಲ. ಅವತ್ತು ಒಂದ ಅಕ್ಷರದಾಗ ಮುಗಿಸಿದೆ. ಅಜ್ಜ ಉಡುಪಿ ಕಡೆ ಬೆರಳು ಎತ್ತಿದ. ಆಕಿ ಎದ್ದು, ಗ್ಲೌಸಿನ ಮಣ್ಣು ಝಾಡಿಸಿ, ನನ್ನ ಮುಖಾ ಒಂದು ಸಲ ನೋಡಿ, "ಹೌದಾ" ಅನ್ನೂ ಹಂಗ ತಲಿ ಅಲ್ಲಾಡಿಸಿ, ಹೋದಳು.

ನಾನು ಐವತ್ತು ದಾಟಿದೆ. ಹೊರಗ ಬಂದಾಗ ಆಕಿ ಡಬ್ಬಿ ಬಿಚ್ಚಿ ಕೂತಿದ್ಲು.

"ಬಂದೆ ಅಂತ ಅಂದು ಯಾಕ ಬರಲಿಲ್ಲ ನೀ?"

"ಬಂದೆ ಅಂದ್ರೆ ನಿಲ್ಲು ಅಂತ ಅಲ್ವಾ ಮಾರಾಯ್ತಿ."

"ಯಾವ ಊರಾಗ?"

"ನಮ್ಮ ಹೋಟೆಲಲ್ಲಿ. ನಾಲ್ಕು ಟೇಬಲಿನವರು ಒಟ್ಟಿಗೆ ಕರೆದ್ರೆ ನಾವು 'ಬಂದೆ, ಬಂದೆ' ಹೇಳುದು. ಅಂದ್ರೆ ಈಗ ಬರುದಿಲ್ಲ, ನೀವು ಅಲ್ಲೇ ಕೂತ್ಕೊಳ್ಳಿ ಅಂತ. ಗಿರಾಕಿ ಯಾರಾದ್ರೂ ಎದ್ದು ಅಡಿಗೆ ಮನೆಗೆ ಓಡಿ ಬರ್ತಾರಾ? ನೀನು ಒಬ್ಬಳೇ ಬಂದದ್ದು."

ನಾ ಹೊಟ್ಟಿ ಹಿಡಕೊಂಡು ನಕ್ಕೆ. ಆಕಿನೂ ನಕ್ಕಳು. ಗಾಬರಿ ಆದಾಗ ಬಾಯಿಗೆ ಬಂದದ್ದು ಹುಟ್ಟಿದಾಗಿಂದ ಕೇಳಿದ ಮಾತು, ಆಕಿ ಏನು ಮಾಡಬೇಕು. ನಗು ಮುಗದ ಮ್ಯಾಲೂ ನಾ ಸ್ವಲ್ಪ ಹೊತ್ತು ನಗಾಕತ್ತಿದ್ದೆ. ನಿಲ್ಲಿಸಿದ್ರ ಏನರ ಮಾತಾಡಬೇಕಾಗತಿತ್ತು.

ಮರುದಿನ ಮೊದಲನೇ ಲಿಸ್ಟ್ ಬಂತು. ನಾನು ಒಳಗ, ಉಡುಪಿ ಸ್ಟ್ಯಾಂಡ್‌ಬೈ. ಪಕ್ಕಾ ಲಿಸ್ಟ್ ಒಂದು ವಾರದ ಮ್ಯಾಲ ಅಂದ್ರು.

ಆ ವಾರ ನಾ ಎಲ್ಲೂ ಕೂಡಲಿಲ್ಲ. ಕೂತ್ರ ಕಾಲು ತಾನ ಅಲ್ಲಾಡತಿತ್ತು. ಕಾಲೇಜಿನ ಬೆಂಚು ಅಲ್ಲಾಡಿ ಮುಂದಿನ ಹುಡುಗಿ ಭೂಕಂಪ ಅಂತ ಎದ್ದಳು. ನಮ್ಮವ್ವ, "ಒಂದ ಕಡೆ ಕೂಡ, ಫ್ಯಾನ್ ಹಂಗ ತಿರಗಬ್ಯಾಡ, ನೋಡಿ ನೋಡಿ ನನಗ ಚಕ್ಕರ್ ಬರಾಕತ್ತೈತಿ" ಅಂತ ಬೈದಳು. ಸುಮ್ಮನ ಇರಬಾರದು ಅಂತ ಸಿಕ್ಕಸಿಕ್ಕವರಿಗೆ 'ಬಂದೆ' ಕತಿ ಹೇಳಿದೆ. ಗವಾರಿಕಾಯಿ ಆಂಟಿಗೆ ಹೇಳಿದಾಗ ನಾವು ಬಿದ್ದ ರಭಸಕ್ಕ ಅಂಪೈರ್ ಟೊಪಗಿ ಹಾರಿತ್ತು. ಸೊಸೈಟಿನಾಗ ಹೇಳಿದಾಗ ಅಂಪೈರೇ ಹಾರಿದ್ದ. ಕಾಲೇಜಿಗೆ ಮುಟ್ಟೂದ್ರಾಗ ಚೆಂಡು ಚರ್ಚ್‌ಗೇಟ್ ಸ್ಟೇಶನ್‌ನಾಗ ಹೊಕ್ಕು ಲೋಕಲ್ ಹತ್ತಿತ್ತು. ಎಲ್ಲಾರೂ ಬಿದ್ದು ಬಿದ್ದು ನಕ್ಕರು. ನಾಕು ಬೆರಳಿನ ಮಾತು ಯಾವ ಕತಿನಾಗೂ ಬರಲಿಲ್ಲ.

ಆದ್ರ ಆ ನಾಕು ಬೆರಳು ಎಲ್ಲಾ ಕಡೆ ಬಂದ್ವು. ಪ್ಲಾಟ್‌ಫಾರ್ಮಿಗೂ ಗಾಡಿಗೂ ನಡುವಿನ ಸಂದು ನೋಡಿದ್ರ ನಾಕು ಬೆರಳು. ಟೂತ್‌ಬ್ರಶ್ ಹಿಡದ್ರ ನಾಕು ಬೆರಳು. ಬಾಗಲಾ ಪೂರಾ ಹಾಕದ ಬಿಟ್ಟಾಗ, ಚಪಾತಿ ಮುರಿದಾಗ, ಮಾಸ್ತರು ಬೋರ್ಡ್ ಮ್ಯಾಲ ಎರಡು ಗೆರಿ ಎಳದಾಗ, ನನ್ನ ಕೈ ಹೋಗಿ ಅಳತಿ ಮಾಡತಿತ್ತು.

ಬುಧವಾರ ಅಪ್ಪ ಫೋನ್ ಮಾಡಿ, "ಫೋರ್ಟಿಗೆ ಬಾ, ಹೋಟೆಲ್ ಮಾಲಕರು ನಿನಗ ಬನ್ಸ್ ತಿನಸಬೇಕು ಅಂತಾರ" ಅಂದ. ಹೋದೆ. ಊಟದ ಹೊತ್ತು, ವಕೀಲರು, ಬ್ಯಾಂಕಿನವರು, ಎಲ್ಲಾ ಟೇಬಲ್ ತುಂಬಿದ್ವು. ಉಡುಪಿ ಕಾಲೇಜ್ ಮುಗಿಸಿ ಬಂದು ಕೈಯಾಗ ಟ್ರೇ ಹಿಡದು ನಿಂತಿದ್ಲು.

ಮೂಲಿ ಟೇಬಲ್‌ನಿಂದ ಒಬ್ಬ ವಕೀಲರು ಕರದ್ರು, "ಒಂದು ಕಾಪಿ."

ದೊಡ್ಡ ಮೀಸಿ ಸಪ್ಲೈಯರ್, "ಬಂದೆ ಸಾರ್" ಅಂದ.

ಇಡೀ ಹೋಟೆಲ್ ಉಡುಪಿ ಕಡೆ ಹೊಳ್ಳಿ ನೋಡಿ ಘೊಳ್ ಅಂತ ನಕ್ಕಿತು. ಗಲ್ಲಾದಿಂದ ಆಕಿ ಅಪ್ಪ, "ನನ್ನ ಮಗಳು ಸಪ್ಲೈ ಕೆಲಸ ಎಷ್ಟು ಚೆನ್ನಾಗಿ ಕಲ್ತಿದ್ದಾಳೆ ನೋಡಿ. ಮೈದಾನದಲ್ಲಿಯೂ ಗಿರಾಕಿಯನ್ನು ಕಾಯಿಸಿದ್ಲು" ಅಂದ್ರು. ಮತ್ತ ನಗು. ನಮ್ಮಪ್ಪನ ಎಲ್ಲಾರಕಿಂತ ಜೋರು. ಆ ಕತಿ ಅಲ್ಲಿಗೆ ಮುಟ್ಟಿಸಿದಾಂವ ಅವನ. ಅವನಿಗೆ ಹೇಳಿದಾಕಿ ನಾನ.

"ಹೌದು ಸಾರ್, ನನ್ನದೇ ತಪ್ಪು" ಅಂತ ಉಡುಪಿ ನಕ್ಕೊಂತ ನನ್ನ ಮುಂದ ಬನ್ಸ್ ಇಟ್ಟಳು. ಎದುರಿಗೆ ಕೂತಳು.

"ಎಂತ, ತಿನ್ನುದಿಲ್ವಾ?"

"ಹಸಿವಿಲ್ಲ."

"ನಿನಗೆ ಹಸಿವಿಲ್ವಾ? ಜ್ವರ ಉಂಟಾ?" ಅಂದಳು. ಆಮ್ಯಾಲ ದನಿ ಇಳಿಸಿ, "ನನ್ನ ಬ್ಯಾಟ್ ನಿನಗೆ ಬೇಕಾ? ಸುಮ್ಮನೆ ಮನೆಯಲ್ಲಿ ಇಟ್ರೆ ಹುಳ ತಿಂತದೆ. ನಿನ್ನದಕ್ಕಿಂತ ಚೆನ್ನಾಗುಂಟು. ಕ್ಯಾಂಪಿಗೆ ತಗೊಂಡು ಹೋಗು."

ಯಾವ ಬ್ಯಾಟಿನ ತುದಿ ನಾ ನೋಡಿದ್ದೆ, ಅದ ಬ್ಯಾಟು.

"ಬ್ಯಾಡ" ಅಂದೆ. ಬನ್ಸ್ ಬಿಟ್ಟು, ಅಪ್ಪನ್ನ ಬಿಟ್ಟು, ಹೊರಗ ಬಂದು ಚರ್ಚ್‌ಗೇಟ್ ತನಕ ಓಡಿದೆ. ಅಲ್ಲಿ ಯಾವ ಗಾಡಿ ಅಂತ ನೋಡದ ಹತ್ತಿದೆ. ಅದು ನಮ್ಮ ಸ್ಟೇಶನ್‌ನಾಗ ನಿಂದರದ ಫಾಸ್ಟ್. ಸಾಂತಾಕ್ರೂಜ್ ದಾಟಿ ಅಂಧೇರಿಗೆ ಒಯ್ದು ಇಳಿಸಿತು.

ಗುರುವಾರ ನೆಟ್‌ಗೆ ಎಲ್ಲಾರಕಿಂತ ಮೊದಲ ಹೋದೆ. ಮ್ಯಾಡಮ್ ಸ್ಟಂಪ್ ಬಡಿಯಾಕತ್ತಿದ್ಲು. ನಾ ಹಾದ್ಯಾಗ ಒಂದು ಪ್ಲ್ಯಾನ್ ಮಾಡಿದ್ದೆ, ಪೂರಾ ಹೇಳೂದು ಬ್ಯಾಡ, ಅರ್ಧ ಹೇಳೂಣು ಅಂತ.

"ಮ್ಯಾಡಮ್, ಅವತ್ತು ಆ ರನ್ ಔಟ್‌ನಾಗ ನಾವು ಇಬ್ಬರೂ ಒಟ್ಟಿಗೆ ಮುಟ್ಟಿದ್ವಿ ಅನಸತೈತಿ."

"ಎರಡು ಬ್ಯಾಟು ಒಟ್ಟಿಗೆ ಮುಟ್ಟಂಗಿಲ್ಲ."

"ಮತಲಬ್, ಆಕಿದು ಒಂಚೂರು ಮೊದಲ ಇರಬಹುದು."

"ಇರಬಹುದೋ, ಇತ್ತೋ?"

"ಇತ್ತು."

"ನೀ ನೋಡಿದ್ಯಾ?"

"ನೋಡಿದೆ. ನಾಕು ಬೆರಳು."

ಮ್ಯಾಡಮ್ ಸುತ್ತಿಗಿ ಕೆಳಗಿಟ್ಟಳು. ಬೈತಾಳ ಅಂತ ನಾ ಕಣ್ಣು ಮುಚ್ಚಿದೆ. ಆಕಿ ಬೈಲಿಲ್ಲ. "ನಮ್ಮ ಕಾಲದಾಗ ಎಷ್ಟೋ ಮ್ಯಾಚಿಗೆ ಅಂಪೈರ್ ಬರತಿದ್ದಿಲ್ಲ" ಅಂದಳು. "ನಾವ ಹೇಳತಿದ್ವಿ, ಔಟ್ ಅಂತ, ನಾಟ್ ಔಟ್ ಅಂತ. ನೋಡಾಕ ಒಂದು ನಾಯಿನೂ ಇರತಿದ್ದಿಲ್ಲ. ಮೂರು ಮಂದಿಗೆ ಒಂದು ಹೆಲ್ಮೆಟ್ಟು, ರೈಲ್ವೆ ಡಬ್ಬಾದ ಬಾಗಲದಾಗ ಕೂತು ಮ್ಯಾಚಿಗೆ ಹೋಗೂದು. ನಮ್ಮ ಹತ್ರ ಏನೂ ಇರಲಿಲ್ಲ. ಎದುರಿನಾಕಿ ಹೇಳಿದ್ದನ್ನ ನಂಬೂದು, ಅದೊಂದು ಇತ್ತು. ನಿಮ್ಮ ಹತ್ರ ಈಗ ಎಲ್ಲಾ ಐತಿ."

ನಾ ಸುತ್ತಿಗಿ ಎತ್ತಿ ಆಕಿ ಕೈಗೆ ಕೊಟ್ಟೆ.

"ಕೊಟ್ಟ ಔಟ್ ಹೊಳ್ಳಿ ಬರಂಗಿಲ್ಲ. ಸಿಲೆಕ್ಟರ್ ಹತ್ರ ನಾ ಮಾತಾಡತೀನಿ. ರವಿವಾರ ಇನ್ನೊಂದು ಮ್ಯಾಚ್ ಐತಿ, ಇಬ್ಬರೂ ಆಡ್ರಿ. ಜಾಗಾ ಒಂದ ಐತಿ, ಅದು ತಿಳಕೋ."

"ಆಕಿಗೆ ಯಾರು ಹೇಳತಾರ?"

"ನಾ ಹೇಳಲೇನು?"

"ಹೂಂ ಮ್ಯಾಡಮ್" ಅಂದೆ, ಜೀವ ಬಂತು.

"ಬ್ಯಾಡ, ನೀನ ಹೇಳು. ಬಾಯಿ ಛಲೋ ಐತಲ್ಲ ನಿಂದು."

ಶುಕ್ರವಾರ ಮಧ್ಯಾಹ್ನ ಮೂರೂವರಿ, ಹೋಟೆಲ್ ಖಾಲಿ ಇರೂ ಹೊತ್ತು. ಸಪ್ಲೈಯರ್‌ಗಳು ಹಿಂದ ಕೂತು ಉಣ್ಣಾಕತ್ತಿದ್ರು. ಉಡುಪಿ ಟೇಬಲ್ ಒರಸಾಕತ್ತಿದ್ಲು. ನಾ ನಿಂತುಕೊಂಡ ಹೇಳಿದೆ. ಟೊಪಗಿ ಹಾರಲಿಲ್ಲ, ಮೋಡ ಏಳಲಿಲ್ಲ. ಎರಡು ಮಾತಿನಾಗ ಮುಗೀತು.

ಆಕಿ ಬಟ್ಟಿ ಬಿಟ್ಟು, "ಎಷ್ಟು?" ಅಂದಳು.

"ನಾಕು ಬೆರಳು."

ಟೇಬಲಿನ ಅಂಚಿಗೆ ತನ್ನ ನಾಕು ಬೆರಳು ಒತ್ತಿ ಇಟ್ಟು ನೋಡಿದಳು.

"ನನ್ನ ಬ್ಯಾಟ್ ಮುಟ್ಟಿತ್ತು ಅಂತ ನನಗೆ ಗೊತ್ತಾಗಿತ್ತು, ಕೈಗೆ. ನೀನು 'ಮೈ' ಅಂದಿ. ಧಾರವಾಡ ಹೇಳಿದ್ಲು ಅಂದ ಮೇಲೆ ನನ್ನ ಕೈಗೇ ತಪ್ಪಾಗಿರಬೇಕು ಅಂತ ಎಣಿಸಿದೆ."

ನಾನು "ಸಾರಿ" ಅಂದೆ. ಆ ಶಬ್ದ ಅಲ್ಲೇ ಟೇಬಲ್ ಮ್ಯಾಲ ಬಿತ್ತು, ಯಾರೂ ಎತ್ತಲಿಲ್ಲ.

"ಅಪ್ಪನಿಗೆ ಹೇಳು" ಅಂದಳು. "ಮೆಲ್ಲ ಬೇಡ. ಆ ಬಂದೆ ಕಥೆ ಹೇಳ್ತಿಯಲ್ಲ, ಹಾಗೆಯೇ ಜೋರಾಗಿ ಹೇಳು."

ಗಲ್ಲಾದ ಮುಂದ ನಿಂತು ಹೇಳಿದೆ. ಜೋರಾಗಿ. ಒಳಗ ಉಣ್ಣೂ ಸಪ್ಲೈಯರ್‌ಗಳ ಕೈ ನಿಂತದ್ದು ಕಾಣಸತಿತ್ತು. ಅವರಪ್ಪ ಕೇಳಿದ್ರು, ಸೋಂಪಿನ ತಟ್ಟಿ ಸರಿ ಮಾಡಿ ಇಟ್ಟರು. ಮೊದಲನೇ ದಿನದಿಂದ ಅವರು ನನಗ "ಬಾ ಮಗಾ, ತಿನ್ನು ಮಗಾ" ಅಂತಿದ್ರು. ಅವತ್ತು, "ಕೂತ್ಕೊಳ್ಳಿ. ಕಾಪಿ ತಗೊಳ್ತೀರಾ?" ಅಂದ್ರು. ನನ್ನ ಜನ್ಮದಾಗ ಯಾರೂ ನನಗ ನೀವು ಅಂತ ಕರದಿದ್ದಿಲ್ಲ. ಬೈದಿದ್ರ ಬೇಕಾಗಿತ್ತು. ಕಾಪಿ ಬಂತು, ಗಿರಾಕಿಗೆ ತರೂ ಹಂಗ ಕೆಳಗ ಬಸಿ ಇಟ್ಟು. ನಾ ಅದನ್ನ ಬಿಸಿ ಬಿಸಿನ ಕುಡದು ನಾಲಿಗಿ ಸುಟ್ಟಕೊಂಡು ಬಂದೆ.

ಶನಿವಾರ ಲೋಕಲ್‌ನಾಗ ಗವಾರಿಕಾಯಿ ಆಂಟಿ ಬಾಜೂ ಹೆಂಗಸರಿಗೆ ನನ್ನ ತೋರಿಸಿ, "ಆ ಅಂಪೈರ್ ಟೊಪಗಿ ಹಾರಿದ ಕತಿ ಹೇಳ" ಅಂದಳು. "ಆಂಟಿ, ಟೊಪಗಿ ಹಾರಲಿಲ್ಲ. ನಾ ಸುಳ್ಳು ಹೇಳಿದೆ" ಅಂದೆ. ಆಕಿ ಜೋರಾಗಿ ನಕ್ಕು, "ನೋಡ್ರಿ ಹೆಂಗ ಮಜಾ ಮಾಡತಾಳ" ಅಂತ ಎಲ್ಲಾರಿಗೂ ಹೇಳಿದಳು. ಖರೇ ಹೇಳಿದಾಗ ನಂಬದ ಮಂದಿನ್ನ ನಾ ಮೊದಲನೇ ಸಲ ನೋಡಿದೆ.

ರವಿವಾರ ಮ್ಯಾಡಮ್ ನಮ್ಮಿಬ್ಬರನ್ನ ಓಪನಿಂಗ್ ಕಳಿಸಿದಳು. ಬೇಕಂತನ ಕಳಿಸಿದಳು. ಶಾಮಿಯಾನದಿಂದ ಪಿಚ್ಚಿನ ತನಕ ಉಡುಪಿ ಒಂದ ಮಾತು ಆಡಿದಳು.

"ಇವತ್ತು ಕನ್ನಡ ಬೇಡ. ಯೆಸ್, ನೋ. ಅಷ್ಟೇ."

ಏನಾತು ಅಂತ ಈಗ ಹೇಳಿಬಿಡತೀನಿ. ಆಕಿ ಎಪ್ಪತ್ತರ ಮ್ಯಾಲ ಹೊಡದಳು, ಒಂದೂ ಚಾನ್ಸ್ ಕೊಡಲಿಲ್ಲ. ನಾನು ಮೂವತ್ತು ಚಿಲ್ಲರ ಆಡಿ ಬೌಲ್ಡ್ ಆದೆ, ಮಧ್ಯದ ಸ್ಟಂಪು, ಯಾರನ್ನೂ ದೂರಾಕ ಬರಂಗಿಲ್ಲ. ಪಕ್ಕಾ ಲಿಸ್ಟಿನಾಗ ಆಕಿ ಒಳಗ, ನಾನು ಸ್ಟ್ಯಾಂಡ್‌ಬೈ. ಆಕಿ ಕ್ಯಾಂಪಿಗೆ ಹೋದಳು, ತನ್ನ ಬ್ಯಾಟ್ ತಗೊಂಡು. ಆಕಿ ಅಪ್ಪ ಇಡೀ ಫೋರ್ಟಿಗೆ ಜಿಲೇಬಿ ಹಂಚಿದ್ರು ಅಂತ ನಮ್ಮಪ್ಪ ಹೇಳಿದ. ಇಡೀ ಫೋರ್ಟಿಗೆ ಅಂದದ್ದು ಅವನ, ನಾ ಅಲ್ಲ.

ಆದ್ರ ನನ್ನ ತಲ್ಯಾಗ ಉಳದದ್ದು ಆ ಆಟದ ಒಂದು ರನ್. ಉಡುಪಿ ಆಡಿದ ಚೆಂಡು ಹಿಂದಕ್ಕ ಹೋತು, ಆಕಿ ಬೆನ್ನ ಹಿಂದ. ಕರಿಯೂದು ನನ್ನ ಪಾಳಿ. ಚೆಂಡು ದೂರ ಇತ್ತು, ಅಲ್ಲಿ ಫೀಲ್ಡರ್ ಒಬ್ಬಾಕಿನೂ ಇರಲಿಲ್ಲ. ಎರಡು ರನ್ ಆರಾಮ ಸಿಗತಿದ್ವು. ನಾನು "ಯೆಸ್" ಅಂತ ಒದರಿ ಓಡಾಕ ಹತ್ತಿದೆ. ಆಕಿ ನಿಂತಳು. ಕುತ್ತಿಗಿ ಪೂರಾ ಹಿಂದ ತಿರುಗಿಸಿ ಚೆಂಡು ಎಲ್ಲೈತಿ ಅಂತ ತಾನ ನೋಡಿದಳು. ನೋಡಿದ ಮ್ಯಾಲ ಓಡಿದಳು.

ಅವತ್ತು ನಾ ಎಷ್ಟು ಸಲ ಕರದೆ ಅಷ್ಟೂ ಸಲ ಆಕಿ ಹಂಗ ಹೊಳ್ಳಿ ನೋಡಿದಳು. ಎರಡು ರನ್ ಇದ್ದಲ್ಲಿ ಒಂದು ತಗೊಂಡ್ವಿ.